ಹಸಿ ಪೇಂಟಿಂಗ್‌ಗೆ ಬಬಲ್ ರ್ಯಾಪ್ ಸುತ್ತಬೇಡಿ

ನೀವು ಕಳಿಸಿದ ಫೋಟೋ ನೋಡಿದೆ. ಆರ್ಡರ್ ಪೇಂಟಿಂಗ್‌ಗಳಿಗೆಲ್ಲ ಬಬಲ್ ರ್ಯಾಪ್ ಸುತ್ತಿ ಒಂದರ ಮೇಲೊಂದು ಮಲಗಿಸಿದ್ದೀರಿ. ಇದೇ ವಾರ ಗಂಗಾವತಿಯಿಂದ ಬಳ್ಳಾರಿಗೆ ಕಾರಿನಲ್ಲಿ ತರ್ತೀನಿ, ಮೊದಲನೇ ಪ್ರದರ್ಶನ, ವಾರ್ನಿಶ್ ಹೊಡೆದುಬಿಡಲಾ ಅಂತ ಕೇಳಿದ್ದೀರಿ. ವಾರ್ನಿಶ್ ಮಾತು ಆಮೇಲೆ. ಮೊದಲು ಅದನ್ನು ಬಿಚ್ಚಿ.

ನಮ್ಮ ಕಡೆ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಕೈ ಇಡೋಕಾಗಲ್ಲ, ಅಲ್ವಾ? ಅಕ್ರಿಲಿಕ್ ಒಣಗಿದ ಮೇಲೂ ಕಾವಿಗೆ ಮೆತ್ತಗಾಗುತ್ತದೆ. ಆಯಿಲ್ ಬಣ್ಣದ ಮೇಲೆ ಕೆನೆ ಕಟ್ಟಿದ್ದರೂ ಒಳಗೆ ಹಸಿ ಇರುತ್ತದೆ. ಹೀಗೇ ಸುತ್ತಿ ತಂದಿದ್ದ ನನ್ನ ಒಂದು ಪೋರ್ಟ್ರೇಟ್‌ನಲ್ಲಿ ಕೆನ್ನೆಯಿಂದ ರುಮಾಲಿನ ತನಕ ಸಾಲಾಗಿ ದುಂಡು ಗುರುತು ಬಿದ್ದಿದ್ದವು. ಎದುರು ನಿಂತರೆ ಕಾಣುತ್ತಿರಲಿಲ್ಲ, ಕಿಟಕಿ ಬೆಳಕು ಓರೆಯಾಗಿ ಬಿದ್ದರೆ ಒಂದೊಂದೂ ಎಣಿಸಬಹುದಿತ್ತು. ಮೇಲೆ ಬಣ್ಣ ಹಚ್ಚಿದರೆ ಅಲ್ಲಷ್ಟೇ ಬೇರೆ ಹೊಳಪು. ಕೊನೆಗೆ ರುಮಾಲು ಪೂರ್ತಿ ಕೆರೆದು ಮತ್ತೆ ಬರೆಯಬೇಕಾಯಿತು.

ಈಗ ನಾನು ಮಾಡೋದು ಇಷ್ಟು. ಒಂದೇ ಅಳತೆಯ ಎರಡು ಕ್ಯಾನ್ವಾಸ್ ಮುಖಾಮುಖಿ, ನಡುವೆ ನಾಲ್ಕೂ ಮೂಲೆಗೆ ದಪ್ಪ ರಟ್ಟಿನ ತುಂಡು. ತುಂಡು ಚೌಕಟ್ಟಿನ ಕಟ್ಟಿಗೆ ಮೇಲೆಯೇ ಕೂರಬೇಕು, ಬಟ್ಟೆ ಮೇಲಲ್ಲ. ಹೊರಗಿಂದ ಬಿಗಿಯಾಗಿ ಟೇಪ್ ಹಾಕಿ ನಿಲ್ಲಿಸಿಯೇ ಸಾಗಿಸುವುದು. ಪೂರ್ತಿ ಒಣಗಿದ್ದಕ್ಕೆ ಮಾತ್ರ ನಯವಾದ ಗ್ಲಾಸಿನ್ ಪೇಪರ್, ಅದರ ಹೊರಗೆ ಬಬಲ್ ರ್ಯಾಪ್, ಗುಳ್ಳೆ ಹೊರಮುಖ. ನ್ಯೂಸ್‌ಪೇಪರ್ ಮಾತ್ರ ಬೇಡವೇ ಬೇಡ, ಮಸಿ ಬಿಡುತ್ತದೆ.

ವಾರ್ನಿಶ್: ತೆಳು ಆಯಿಲ್‌ಗೂ ಆರು ತಿಂಗಳು, ದಪ್ಪಗೆ ಹಚ್ಚಿದ್ದರೆ ವರ್ಷ ಕಾಯಬೇಕು. ಅಂಗಡಿಯವರು ಇವತ್ತೇ ಹೊಡೀರಿ ಅಂದರೂ ಕೇಳಬೇಡಿ. ಮುಟ್ಟಿದರೆ ಅಂಟದಷ್ಟು ಒಣಗಿದ್ದರೆ ರೀಟಚ್ ವಾರ್ನಿಶ್, ಅಂದರೆ ತಾತ್ಕಾಲಿಕ ವಾರ್ನಿಶ್, ತೆಳುವಾಗಿ ಒಂದು ಕೋಟ್ ಸಾಕು. ಕಂದು ಬಣ್ಣ ಬರ್ನ್ಟ್ ಅಂಬರ್‌ನಲ್ಲಿ ಮ್ಯಾಂಗನೀಸ್ ಇರೋದರಿಂದ ಬೇಗ ಒಣಗುತ್ತದೆ, ಅದನ್ನು ಮುಟ್ಟಿ ನೋಡಿ ಮೋಸ ಹೋಗಬೇಡಿ. ನಿಧಾನಕ್ಕೆ ಒಣಗುವ ಅಲಿಝರಿನ್ ಕ್ರಿಮ್ಸನ್ (ಕಡುಗೆಂಪು), ಐವರಿ ಬ್ಲ್ಯಾಕ್ (ಕಪ್ಪು) ಹಚ್ಚಿದ ಜಾಗ ಮುಟ್ಟಿ. ಅಂದ ಹಾಗೆ ಆ ಅಲಿಝರಿನ್ ಟ್ಯೂಬ್ ಮೇಲೆ ಪಿಆರ್ 83 ಅನ್ನೋ ಪಿಗ್ಮೆಂಟ್ ಕೋಡ್ ಇದ್ದರೆ ಆರ್ಡರ್ ಕೆಲಸಕ್ಕೆ ಬಳಸಬೇಡಿ, ಬೆಳಕಿಗೆ ಮಾಸುತ್ತದೆ. ವಿನ್ಸರ್ ಅಂಡ್ ನ್ಯೂಟನ್ ಕಂಪನಿ ಹೆಸರು ನೋಡಿ ಅವರದೇ ವಿಂಟನ್ ಬಣ್ಣ ತಂದು ಆರ್ಟಿಸ್ಟ್ ಕ್ವಾಲಿಟಿ ಅನ್ನೋರೂ ಇದ್ದಾರೆ, ಅದು ಕಲಿಯೋರಿಗೆ ಮಾಡಿದ ಸ್ಟೂಡೆಂಟ್ ಬಣ್ಣ.

ಒಣಗಿಸುವಾಗ ಮುಖ ಗೋಡೆ ಕಡೆ, ಸ್ವಲ್ಪ ಓರೆಯಾಗಿ ಇಡಿ. ಅದಿರು ಲಾರಿಗಳ ಕೆಂಪು ಧೂಳು ಹಿಂಬದಿಗೆ ಕೂರಲಿ. ಬೀರುವಿನೊಳಗೆ ಮಾತ್ರ ಬೇಡ, ಕತ್ತಲಲ್ಲಿ ಲಿನ್‌ಸೀಡ್ ಎಣ್ಣೆ ಹಳದಿಯಾಗುತ್ತದೆ. ಈಗಾಗಲೇ ಆಗಿದ್ದರೆ ಗಾಬರಿ ಬೇಡ, ಹಗಲು ಬೆಳಕಿಗೆ ಇಟ್ಟರೆ ಒಂದಷ್ಟು ವಾಪಸ್ ಬರುತ್ತದೆ. ನೆತ್ತಿ ಬಿಸಿಲಿಗಲ್ಲ ಮತ್ತೆ!

ಇನ್ನೊಂದು, ಯಾರೂ ಹೇಳಲ್ಲ. ಪ್ರದರ್ಶನಕ್ಕೆ ಇಡಲಾ ಅಂತ ಆರ್ಡರ್ ಕೊಟ್ಟವರಿಗೆ ಕೇಳಿದ್ದೀರಾ? ದುಡ್ಡು ಕೊಟ್ಟು ಬರೆಸಿದ ಪೇಂಟಿಂಗ್‌ನ ಕಾಪಿರೈಟ್, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದ್ದೇ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ನೋಡಿ. ಸುಮ್ನೆ ಬಾಯಿಮಾತಿಗೆ ಬಿಡಬೇಡಿ. ತೂಗುಹಾಕಲು, ಬ್ರೋಷರ್‌ನಲ್ಲಿ ಹಾಕಲು, ಪ್ರದರ್ಶನ ಮುಗಿದ ಮೇಲೆ ಯಾವತ್ತು ವಾಪಸ್ ಅನ್ನೋದಕ್ಕೆ ಒಂದು ಚೀಟಿ ಬರೆಸಿಕೊಳ್ಳಿ. ಪಕ್ಕದಲ್ಲಿ 'ಮಾರಾಟಕ್ಕಿಲ್ಲ' ಚೀಟಿ ಇರಲಿ, ಇಲ್ಲಾಂದ್ರೆ ದಿನವಿಡೀ ರೇಟ್ ಕೇಳ್ತಾರೆ.

ಹಾಲ್‌ನವರು ಗೋಡೆಗೆ ಮೊಳೆ ಹೊಡೆಯಲು ಬಿಡ್ತಾರಾ? ಬಿಡಲ್ಲ ಅಂದರೆ ನೈಲಾನ್ ಹಗ್ಗ, ಎಸ್ ಕೊಂಡಿ ನೀವೇ ತನ್ನಿ. ಚೌಕಟ್ಟಿನ ಹಿಂದೆ ಹಗ್ಗ ಕಟ್ಟುವ ಡಿ ರಿಂಗ್ ಮೇಲಿಂದ ಮೂರನೇ ಒಂದು ಭಾಗದಲ್ಲಿ ಹಾಕಿ.