‘ಗಲ್ಲು ಬೇಡ’ ಅನ್ನುವ ನಿಮ್ಮ ಲೇಖನದ ಬಗ್ಗೆ

ನಮಸ್ಕಾರ.

ಗಲ್ಲು ಶಿಕ್ಷೆ ರದ್ದಾಗಬೇಕು ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ನಿಮ್ಮ ನಿಲುವೇ ನನ್ನದೂ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಪುಟದ ತುಂಬ ಬುದ್ಧ, ಗಾಂಧೀಜಿ, ಕರುಣೆ. ಗಲ್ಲಿಗೆ ಗುರಿಯಾದ ಒಬ್ಬ ಮನುಷ್ಯನೂ ಲೇಖನದಲ್ಲಿ ಇಲ್ಲ. ಕೊಲೆಯಾದವರೂ ಇಲ್ಲ.

ಕರ್ನಾಟಕ-ತಮಿಳುನಾಡು ಗಡಿಯ ಪಾಲಾರ್ ಪ್ರಕರಣ ನಮ್ಮದೇ ಅಲ್ವಾ? 1993ರ ಏಪ್ರಿಲ್‌ನಲ್ಲಿ ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದಿತು. ಪೊಲೀಸರು, ಅರಣ್ಯ ಸಿಬ್ಬಂದಿ, ಅವರಿಗೆ ಸುಳಿವು ಕೊಡುತ್ತಿದ್ದವರು. ಅಲ್ಲಿಂದ ಶುರು ಮಾಡಿ. ಆ ಮನೆಗಳ ನೋವನ್ನು ಮುಟ್ಟದೆ ಸುಮ್ನೆ ‘ಕ್ಷಮಿಸಿ’ ಅಂದರೆ ಓದುಗರು ಪುಟ ತಿರುಗಿಸುತ್ತಾರೆ. ಅವರ ತಪ್ಪೇನಿಲ್ಲ.

ಆಮೇಲೆ ನಡೆದದ್ದು ನೋಡಿ. 2001ರಲ್ಲಿ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯ ನಾಲ್ವರಿಗೆ ಕೊಟ್ಟದ್ದು ಜೀವಾವಧಿ. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ 9 ವರ್ಷ ಕೊಳೆಯಿತು. 2013ರಲ್ಲಿ ತಿರಸ್ಕಾರ. 2014ರ ಜನವರಿಯಲ್ಲಿ ಅದೇ ಸುಪ್ರೀಂ ಕೋರ್ಟ್, ಇಷ್ಟು ತಡ ಮಾಡಿದ್ದೇ ಹಿಂಸೆ ಎಂದು ಮತ್ತೆ ಜೀವಾವಧಿಗೆ ಇಳಿಸಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ‘ಇವತ್ತಾ, ನಾಳೆನಾ’ ಅಂತ ಕಾಯುವ ಬದುಕು ಎಂಥದ್ದು? ಅಷ್ಟು ವರ್ಷದಲ್ಲಿ ಆ 22 ಮನೆಗಳಿಗೆ ಸಿಕ್ಕಿದ್ದೇನು? ಎರಡನ್ನೂ ಒಟ್ಟಿಗೇ ಬರೆಯಿರಿ.

‘ನಿರಪರಾಧಿಗಳೂ ಸಾಯಬಹುದು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಿಮ್ಮ ಕೈಯಲ್ಲಿರುವ ಗಟ್ಟಿ ಮಾತು ಅದೇ. ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಆರು ಜನರಿಗೆ 2009ರಲ್ಲಿ ಸುಪ್ರೀಂ ಕೋರ್ಟೇ ಗಲ್ಲು ಎಂದಿತ್ತು. 2019ರಲ್ಲಿ ಅದೇ ಕೋರ್ಟ್ ಆರೂ ಜನರನ್ನು ಖುಲಾಸೆ ಮಾಡಿತು. ನಡುವೆ ನೇಣು ಹಾಕಿಬಿಟ್ಟಿದ್ದರೆ? ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

‘ಗಲ್ಲಿನಿಂದ ಅಪರಾಧ ಜಾಸ್ತಿಯಾಗುತ್ತದೆ’ ಎಂಬ ಸಾಲು ತೆಗೆಯಿರಿ. ಆಧಾರ ಕೊಟ್ಟಿಲ್ಲ. 2015ರ ಕಾನೂನು ಆಯೋಗದ ವರದಿ ಹೇಳಿದ್ದು, ಜೀವಾವಧಿಗಿಂತ ಗಲ್ಲು ಹೆಚ್ಚು ಭಯ ಹುಟ್ಟಿಸುವುದಿಲ್ಲ ಎಂದಷ್ಟೇ. ಗಲ್ಲು ತೆಗೆಯಿರಿ ಎಂದ ಆ ವರದಿಯೇ ಭಯೋತ್ಪಾದನೆಯನ್ನು ಹೊರಗಿಟ್ಟಿತು. ಪಾಲಾರ್ ಕೇಸು ನಡೆದದ್ದು ಟಾಡಾ ಅಡಿಯಲ್ಲಿ. ಅಂಥವರಿಗೂ ಗಲ್ಲು ಬೇಡವೇ? ಈ ಪ್ರಶ್ನೆಯಿಂದ ನೀವು ತಪ್ಪಿಸಿಕೊಂಡಿದ್ದೀರಿ. ಉತ್ತರ ಬರೆಯಲೇಬೇಕು.

ತೀರ್ಪುಗಳನ್ನು ಪೂರ್ತಿ ಓದಿ, ಮತ್ತೆ ಬರೆದು ಕಳಿಸಿ. ಸಾವಿರ ಪದ ಸಾಕು. ಕಾಯುತ್ತೇನೆ.

ಸಂಪಾದಕ