ಬದು ಒಡೆದದ್ದು ಎಲ್ಲಿ ಅಂತ ಮೊದಲು ನೋಡೋಣ

ಚಿಂತಾಮಣಿ ತಾಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು. ಅವರದು ಮೂರು ಎಕರೆ ಇಳಿಜಾರು ಹೊಲ. ಎರಡೂವರೆ ಎಕರೆಗೆ ರಾಗಿ, ಅದರಲ್ಲೇ ಅವರೆ, ತೊಗರಿಯ ಅಕ್ಕಡಿ, ಅಂದರೆ ರಾಗಿ ನಡುವೆ ಸಾಲು ಬಿಟ್ಟು ಹಾಕುವ ಮಿಶ್ರ ಬೆಳೆ. ಉಳಿದ ಅರ್ಧ ಎಕರೆ ಟೊಮ್ಯಾಟೊ. ಕೊರೆಸಿದ ಎರಡು ಬೋರ್‌ವೆಲ್‌ನಲ್ಲಿ ಒಂದು ಬತ್ತಿದೆ, ಇನ್ನೊಂದು ಬೆಳಗ್ಗೆ ಒಂದು ಗಂಟೆ ಓಡಿ ಗಾಳಿ ಬಿಡುತ್ತದೆ. ಕೆಲವು ವರ್ಷದ ಹಿಂದೆ ಒಂದು ಯೋಜನೆಯಲ್ಲಿ ಹಾಕಿದ ಬದು ಮೊದಲ ಜೋರು ಮಳೆಗೇ ಕೆಳಮೂಲೆಯಲ್ಲಿ ಒಡೆದು, ರಾಗಿ ಪೈರಿನ ಜೊತೆ ಮಣ್ಣೂ ಹೋಯಿತು. ಈಗ ಗ್ರಾಮಸಭೆಯಲ್ಲಿ ಮತ್ತೆ ಬದು, ಕೃಷಿ ಹೊಂಡದ ಮಾತು ಬಂದಿದೆ. 'ಬೆಂಗಳೂರಿನ ನೀರು ಕೆರೆಗೆ ಬರ್ತಿದೆ, ಎತ್ತಿನಹೊಳೆಯೂ ಬರುತ್ತೆ ಅಂತಾರೆ. ಇನ್ನು ಈ ಮಣ್ಣು ಕೆರೆಯೋ ಕೆಲಸ ಯಾಕೆ? ದುಡ್ಡೂ ದಂಡ, ಕೂಲಿಯೂ ದಂಡ ಅಲ್ವಾ?' ಇದು ಅವರ ಪ್ರಶ್ನೆ.

ಅಕ್ಕಾ, ನಮಸ್ಕಾರ.

ದಂಡ ಅಲ್ಲ. ಆದರೆ ನಿಮ್ಮ ಬೇಸರ ಸುಳ್ಳಲ್ಲ. ಒಡೆದ ಬದುವಿನ ಮುಂದೆ ನಿಂತವರಿಗೆ ಯೋಜನೆಯ ಹೆಸರು ಕೇಳಿದರೆ ಮೈ ಉರಿಯುತ್ತದೆ. ನಮ್ಮ ಹೊಲದಲ್ಲೂ ಒಮ್ಮೆ ಹಾಗೆಯೇ ಆಗಿತ್ತು. ನಮ್ಮಪ್ಪ ಎರಡು ದಿನ ಯಾರ ಜೊತೆಯೂ ಮಾತಾಡಿರಲಿಲ್ಲ.

2021ರ ನವೆಂಬರ್ ನಿಮಗೆ ನೆನಪಿರಬೇಕು. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆ ಬಂತು. ಅದೇ ಮಳೆಗೆ, ಎಷ್ಟೋ ವರ್ಷದಿಂದ ಒಣಗಿ ನಿಂತಿದ್ದ ಕೆರೆಗಳು ಕೋಡಿ ಬಿದ್ದವು. ಜನ ಬಾಗಿನ ಕೊಟ್ಟರು, ಮಕ್ಕಳನ್ನು ಕರೆದುಕೊಂಡು ಹೋಗಿ ಕೋಡಿ ತೋರಿಸಿದರು. ನಾನೂ ಹೋಗಿದ್ದೆ. ಕೋಡಿಯಲ್ಲಿ ಧುಮುಕುತ್ತಿದ್ದ ನೀರು ಕೆಂಪಗಿತ್ತು. ಆ ಕೆಂಪು ಎಲ್ಲಿಂದ ಬಂತು? ನಿಮ್ಮ ಹೊಲದ್ದು, ನಮ್ಮ ಹೊಲದ್ದು. ಆಮೇಲೆ ಎರಡೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಒಂದು ವರ್ಷ ಮಣ್ಣು ಕೊಚ್ಚುವಷ್ಟು ನೀರು, ಇನ್ನೊಂದು ವರ್ಷ ಬಿತ್ತಿದ ಬೀಜಕ್ಕೂ ಹಸಿ ಇಲ್ಲ. ನಮ್ಮ ಸೀಮೆಯ ಪಾಡು ಇದು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ನಾಲ್ಕು ಸಾವಿರ ಲೀಟರ್ ನೀರು. ಒಂದು ಒಳ್ಳೆಯ ಮಳೆ, ಅಂದರೆ 25 ಮಿಲಿಮೀಟರ್ ಬಂದರೆ ಎಕರೆಗೆ ಒಂದು ಲಕ್ಷ ಲೀಟರ್. ನಿಮ್ಮ ಮೂರು ಎಕರೆಗೆ ಒಂದೇ ಸಂಜೆಯಲ್ಲಿ ಮೂರು ಲಕ್ಷ ಲೀಟರ್ ಬಿದ್ದಿರುತ್ತದೆ. ನಿಮ್ಮ ಬೋರ್‌ವೆಲ್ ಅಷ್ಟು ನೀರು ಕೊಡಲು ಎಷ್ಟು ದಿನ ಬೇಕು, ನೀವೇ ಲೆಕ್ಕ ಹಾಕಿ. ಮಣ್ಣಿನ ಲೆಕ್ಕವೂ ಹೀಗೇ. ಎಕರೆಯಲ್ಲಿ ಒಂದು ಮಿಲಿಮೀಟರ್ ದಪ್ಪದ ಮಣ್ಣು ಹೋದರೆ ಕಣ್ಣಿಗೆ ಕಾಣುವುದೇ ಇಲ್ಲ. ತೂಕ ಹಾಕಿದರೆ ಅದು ಐದು ಟನ್ ದಾಟುತ್ತದೆ. ಹೋಗುವುದೂ ಮೇಲಿನ ಮಣ್ಣು, ನೀವು ವರ್ಷ ವರ್ಷ ಕೊಟ್ಟಿಗೆ ಗೊಬ್ಬರ ಹೊಡೆದ ಮಣ್ಣು.

ನಮ್ಮದು ಕೆಮ್ಮಣ್ಣು. ದಪ್ಪ ಹನಿ ಬಡಿದರೆ ಮೇಲ್ಪದರ ಹೆಪ್ಪುಗಟ್ಟಿ ಬಿಡುತ್ತದೆ. ಆಮೇಲೆ ನೀರು ಇಂಗಲ್ಲ, ಇಳಿಜಾರು ಹಿಡಿದು ಓಡುತ್ತದೆ. ಅದನ್ನು ನಿಲ್ಲಿಸಬೇಕಾದ್ದು ಅಲ್ಲೇ, ಹೊಲದಲ್ಲೇ. ಕೆರೆಗೆ ಹೋದ ಮೇಲೆ ಅದು ಊರಿನ ನೀರು, ಜೊತೆಗೆ ಹೋದ ಮಣ್ಣು ಕೆರೆಯ ಹೂಳು.

ಈಗ ನಿಮ್ಮ ಬದುವಿಗೆ ಬರೋಣ. ಪತ್ರದಲ್ಲಿ ಎರಡು ಸಾಲು ನೀವು ಸುಮ್ನೆ ಬರೆದುಬಿಟ್ಟಿದ್ದೀರಿ. ಕಾರಣ ಅಲ್ಲೇ ಇದೆ ಅಂತ ನನಗನ್ನಿಸುತ್ತದೆ. ಒಂದು, ಬದು ಒಡೆದದ್ದು ಕೆಳಮೂಲೆಯಲ್ಲಿ. ಇನ್ನೊಂದು, ಮೇಲಿನ ಹೊಲದವರು ಬದು ಹಾಕಿಸಲು ಒಪ್ಪಿರಲಿಲ್ಲ. ಹಾಗಾದರೆ ಅವರ ಹೊಲದ ನೀರೆಲ್ಲ ನಿಮ್ಮ ಹೊಲಕ್ಕೆ ನುಗ್ಗಿದೆ. ನಿಮ್ಮ ಮೂರು ಎಕರೆ ನೀರು ತಡೆಯಲು ಹಾಕಿದ ಬದು ಹತ್ತು ಎಕರೆ ನೀರನ್ನು ತಡೆಯಬೇಕಾಗಿ ಬಂತು. ಎಂಥ ಬದುವಾದರೂ ಒಡೆಯುತ್ತದೆ.

ಜಲಾನಯನ ಅಂದರೆ ಒಂದೇ ಹಳ್ಳಕ್ಕೆ ನೀರು ಹರಿದು ಬರುವ ಇಡೀ ಪ್ರದೇಶ. ಆ ಕೆಲಸದಲ್ಲಿ ಮೇಲಿಂದ ಕೆಳಕ್ಕೆ ಅಂತ ಒಂದು ನಿಯಮ ಇದೆ. ಮೊದಲು ಗುಡ್ಡದ ನೆತ್ತಿ, ಆಮೇಲೆ ಇಳಿಜಾರು, ಆಮೇಲೆ ಹೊಲ, ಹಳ್ಳ, ಕೊನೆಗೆ ಕೆರೆ. ನಮ್ಮ ಕಡೆ ಇದನ್ನು ದೊಡ್ಡದಾಗಿ ಮಾಡಿ ನೋಡಿದ್ದು ಸುಜಲ ಯೋಜನೆಯಲ್ಲಿ. ವಿಶ್ವಬ್ಯಾಂಕ್ ನೆರವಿನ ಆ ಯೋಜನೆ 2000ದ ದಶಕದಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಯೋಜನೆ ಶುರುವಾದಾಗ ನಿಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಇನ್ನೂ ಕೋಲಾರದಿಂದ ಬೇರೆಯಾಗಿರಲಿಲ್ಲ, ಅದು ಆದದ್ದು 2007ರಲ್ಲಿ. ಒಂದೇ ಇಳಿಜಾರಿನ ರೈತರನ್ನು ಗುಂಪು ಮಾಡಿ, ಯಾರ ಹೊಲದಲ್ಲಿ ಏನು ಬೇಕು ಅಂತ ಕೂತು ಮಾತಾಡಿ, ರೈತರಿಂದಲೂ ಒಂದು ಪಾಲು ಹಾಕಿಸಿ ಕೆಲಸ ಮಾಡಿಸಿದರು. ಪಾಲು ಹಾಕಿಸಿದ್ದು ಬಹಳ ಒಳ್ಳೆಯದಾಯಿತು ಅಂತ ನಾನು ನಂಬಿದ್ದೇನೆ. ಕೈಯಿಂದ ನೂರು ರೂಪಾಯಿ ಹಾಕಿದವರು ಮಳೆ ಬಂದ ಮಾರನೇ ದಿನ ಗುದ್ದಲಿ ಹಿಡಿದು ಬದು ನೋಡಲು ಹೋಗುತ್ತಾರೆ.

ಹಾಗಾಗಿ ಈ ಸಲ ಒಬ್ಬರೇ ಅರ್ಜಿ ಹಾಕಬೇಡಿ. ಮೇಲಿನ ಹೊಲದವರ ಮನೆಗೆ ಹೋಗಿ. ಹಳೆಯ ಮನಸ್ತಾಪ ಇದೆ ಅಂತ ಬರೆದಿದ್ದೀರಿ, ಆದರೂ ಹೋಗಿ. ಅವರಿಗೂ ಮಣ್ಣು ಹೋಗಿರುತ್ತದೆ. ಬದುವಿಗೆ ಅರ್ಧ ಗುಂಟೆ ಜಾಗ ಹೋಗುತ್ತೆ ಅನ್ನುವ ಭಯ ಅವರದು, ಅದು ಸಹಜ. ಬದುವಿನ ಮೇಲೆ ತೊಗರಿ, ಹುಲ್ಲು ಬೆಳೆದುಕೊಳ್ಳಬಹುದು, ಹಸುವಿಗೆ ಮೇವಾಗುತ್ತದೆ ಅಂತ ಹೇಳಿ. ಅಷ್ಟಕ್ಕೂ ಒಪ್ಪದಿದ್ದರೆ, ನಿಮ್ಮ ಹೊಲದ ಮೇಲಂಚಿನಲ್ಲಿ ಒಂದು ಕಾಲುವೆ ತೆಗೆಸಿ. ಅವರ ನೀರನ್ನು ಅದರಲ್ಲಿ ಹಿಡಿದು ಪಕ್ಕದ ಹಳ್ಳಕ್ಕೆ ದಾಟಿಸಿ. ಆಮೇಲೆ ನಿಮ್ಮ ಬದುವಿನ ಮಾತು.

ಬದು ಹಾಕುವಾಗ ನೀವೇ ಹೊಲದಲ್ಲಿ ನಿಂತಿರಿ. ಇಳಿಜಾರಿಗೆ ಅಡ್ಡವಾಗಿ, ಮಟ್ಟ ನೋಡಿ ಗೆರೆ ಎಳೆದಿದ್ದಾರಾ, ಅಥವಾ ಸರ್ವೆ ನಂಬರಿನ ಗಡಿ ಹಿಡಿದು ಸುಮ್ನೆ ನೇರ ಎಳೆದಿದ್ದಾರಾ? ಇದನ್ನು ಕೇಳುವುದಕ್ಕೆ ಸಂಕೋಚ ಪಡಬೇಡಿ. ಮಣ್ಣು ಹಾಕಿದ ಮೇಲೆ ತುಳಿದು ದಮ್ಮಸ್ಸು ಮಾಡಿಸಬೇಕು. ಎಲ್ಲಕ್ಕಿಂತ ಮುಖ್ಯ, ಹೆಚ್ಚಾದ ನೀರು ಹೋಗಲು ಒಂದು ಕಲ್ಲಿನ ಕೋಡಿ ಇರಲೇಬೇಕು. ಕೋಡಿ ಇಲ್ಲದ ಕೆರೆಯನ್ನು ನಮ್ಮ ಹಿರಿಯರು ಕಟ್ಟಿದ್ದನ್ನು ನೋಡಿದ್ದೀರಾ? ಬದುವೂ ಹಾಗೇ. ದಾರಿ ಕೊಡದಿದ್ದರೆ ನೀರು ತಾನೇ ದಾರಿ ಮಾಡಿಕೊಳ್ಳುತ್ತದೆ, ನಿಮ್ಮ ಕೆಳಮೂಲೆಯಲ್ಲಿ ಮಾಡಿಕೊಂಡ ಹಾಗೆ. ಹಸಿ ಇರುವಾಗಲೇ ಬದುವಿನ ಮೇಲೆ ಲಾವಂಚವನ್ನೋ ಬೇರೆ ಮೇವಿನ ಹುಲ್ಲನ್ನೋ ನೆಡಿ. ಬೇರು ಹಿಡಿದರೆ ಬದು ನಿಲ್ಲುತ್ತದೆ. ಮೊದಲ ವರ್ಷ ದನ ಬಿಡಬೇಡಿ.

ಇದರ ಜೊತೆಗೆ ಒಂದು ಕೆಲಸ ಇದೆ, ಅದಕ್ಕೆ ಅರ್ಜಿಯೂ ಬೇಡ, ಸಹಾಯಧನವೂ ಬೇಡ. ನೀವು ಅಕ್ಕಡಿ ಹಾಕುತ್ತೀರಲ್ಲ, ಅದನ್ನೇ ಸ್ವಲ್ಪ ಬದಲಾಯಿಸಿ. ಎಂಟು ಸಾಲು ರಾಗಿ, ಎರಡು ಸಾಲು ತೊಗರಿ. ಆ ಎರಡು ತೊಗರಿ ಸಾಲಿನ ನಡುವೆ ನೇಗಿಲಲ್ಲಿ ಒಂದು ಆಳದ ಸಾಲು ಹೊಡೆಯಿರಿ. ಎಲ್ಲವೂ ಇಳಿಜಾರಿಗೆ ಅಡ್ಡ ಇರಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಒಣಬೇಸಾಯದ ವಿಜ್ಞಾನಿಗಳು ನಮ್ಮ ಸೀಮೆಗೆ ಅಂತಲೇ ಹೇಳಿಕೊಟ್ಟ ಪದ್ಧತಿ ಇದು. ಓಡುವ ನೀರು ಪ್ರತಿ ಸಾಲಿನಲ್ಲೂ ಒಂದು ಗಳಿಗೆ ನಿಂತು ಇಂಗುತ್ತದೆ. ರಾಗಿ ಕೊಯ್ದ ಮೇಲೂ ಹೊಲದಲ್ಲಿ ಇರುವ ತೊಗರಿಗೆ ಆ ಹಸಿ ಬಹಳ ದಿನ ಆಗುತ್ತದೆ. ಬೆಟ್ಟದಷ್ಟು ಕೆಲಸ ಅಲ್ಲ, ಒಂದು ಜೊತೆ ಎತ್ತಿನ ಅರ್ಧ ದಿನ. ನೋಡಬೇಕು ಅನಿಸಿದರೆ ನಿಮ್ಮ ತಾಲೂಕಿನ ಕುರುಬೂರಿನಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ, ಹೋಗಿ ಕೇಳಿ. ಕೋಲಾರದವರಿಗೆ ಟಮಕದಲ್ಲಿ, ತುಮಕೂರು ಕಡೆಯವರಿಗೆ ಹಿರೇಹಳ್ಳಿ, ಕೊನೇಹಳ್ಳಿಯಲ್ಲಿ ಇವೆ.

ಕೃಷಿ ಹೊಂಡದ ವಿಷಯ. ಕೃಷಿ ಭಾಗ್ಯ ಯೋಜನೆ 2014ರಲ್ಲಿ ಶುರುವಾದ ಮೇಲೆ ನಮ್ಮ ಜಿಲ್ಲೆಗಳಲ್ಲಿ ಹೊಂಡಗಳು ತುಂಬಾ ಆದವು. ನಾನು ಇದರ ಪರ ಇದ್ದೇನೆ. ಮೇಲೆ 12 ಮೀಟರ್ ಉದ್ದಗಲ, 3 ಮೀಟರ್ ಆಳ, ಗೋಡೆಗೆ ಸರಿಯಾದ ಇಳಿಜಾರು ಕೊಟ್ಟು ತೆಗೆದ ಹೊಂಡದಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರ್ ನಿಲ್ಲುತ್ತದೆ. ಬಿಸಿಲಿಗೆ ಆರಿದ್ದು ಕಳೆದರೂ, ರಾಗಿ ತೆನೆ ಹಾಲು ತುಂಬುವ ಹೊತ್ತಿಗೆ ಮಳೆ ಕೈಕೊಟ್ಟರೆ ಎರಡು ಎಕರೆಗೆ ಒಂದು ನೀರು ಕೊಡಬಹುದು. ಆ ಒಂದು ನೀರು ಮನೆಗೆ ವರ್ಷದ ಮುದ್ದೆ ಉಳಿಸುತ್ತದೆ.

ಆದರೆ ಒಂದು ತಪ್ಪು ಎಲ್ಲ ಕಡೆ ನಡೆಯುತ್ತಿದೆ. ಪ್ಲಾಸ್ಟಿಕ್ ಹಾಳೆ ಹಾಕಿದ ಹೊಂಡಕ್ಕೆ ರಾತ್ರಿಯೆಲ್ಲ ಬೋರ್‌ವೆಲ್ ನೀರು ತುಂಬಿಸಿ, ಬೆಳಗ್ಗೆ ತರಕಾರಿಗೆ ಬಿಡುತ್ತಾರೆ. ಮಳೆ ನೀರಿಗೆ ಅಂತ ತೆಗೆದ ಹೊಂಡ ಅಂತರ್ಜಲವನ್ನು ಇನ್ನಷ್ಟು ಬೇಗ ಖಾಲಿ ಮಾಡುವ ತೊಟ್ಟಿ ಆಗುತ್ತದೆ. ನೂರಾರು ಅಡಿ ಕೆಳಗಿನ ನೀರನ್ನು ಮೇಲೆ ತಂದು ಬಿಸಿಲಿಗೆ ಇಟ್ಟ ಹಾಗೆ. ದಯವಿಟ್ಟು ಹಾಗೆ ಮಾಡಬೇಡಿ. ಇನ್ನೊಂದು ಮಾತು. ಬೇಲಿ ಇಲ್ಲದೆ ಹೊಂಡ ತೆಗೆಸಬೇಡಿ. ಹಾಳೆ ಹಾಕಿದ ಹೊಂಡದ ಗೋಡೆ ಜಾರುತ್ತದೆ, ಬಿದ್ದ ಮಗು ಹತ್ತಿ ಬರಲಾಗುವುದಿಲ್ಲ. ಅಂಥ ಸುದ್ದಿ ಪದೇ ಪದೇ ಬರುತ್ತದೆ, ಅಚ್ಚಿಗೆ ಕಳಿಸುವಾಗ ಕೈ ನಡುಗುತ್ತದೆ. ಸುತ್ತ ತಂತಿ ಬೇಲಿ, ಒಳಗೆ ಒಂದು ಗಟ್ಟಿ ಹಗ್ಗ, ಇವು ಮೊದಲ ದಿನವೇ ಇರಲಿ.

ಯಾರನ್ನು ಕೇಳಬೇಕು ಅಂದಿರಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಹೊಂಡ, ಬದುವಿನ ಯೋಜನೆಗಳ ವಿವರ ಸಿಗುತ್ತದೆ. ಪಹಣಿ, ಆಧಾರ್, ಫ್ರೂಟ್ಸ್ ಐಡಿ (ಸರ್ಕಾರದಲ್ಲಿ ರೈತರ ನೋಂದಣಿ ಸಂಖ್ಯೆ) ಜೊತೆಗಿರಲಿ. ಪಂಚಾಯ್ತಿಯಿಂದ ಆಗುವ ಕೆಲಸ ಗ್ರಾಮಸಭೆಯಲ್ಲಿ ಹೆಸರು ಬರೆಸಿದರೆ ಮಾತ್ರ ಕ್ರಿಯಾ ಯೋಜನೆಗೆ ಸೇರುತ್ತದೆ. ಸಭೆಗೆ ಮನೆಯ ಗಂಡಸರನ್ನು ಕಳಿಸಿ ಸುಮ್ಮನಾಗಬೇಡಿ, ನೀವೇ ಹೋಗಿ. ಹೊಲದಲ್ಲಿ ನೀರು ಎಲ್ಲಿ ಹರಿಯುತ್ತದೆ ಅಂತ ಕಂಡಿರುವುದು ನೀವು.

ಇನ್ನು ಹೊರಗಿನ ನೀರು. ಕೆ.ಸಿ. ವ್ಯಾಲಿ, ಅಂದರೆ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು 2018ರಲ್ಲಿ ಕೋಲಾರ ತಾಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಅದೇ ರೀತಿಯ ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ನೀರು ನಿಮ್ಮ ಜಿಲ್ಲೆಯ ಕೆರೆಗಳಿಗೆ ಬಂತು. ಕೆರೆ ಸುತ್ತಲಿನ ಬೋರ್‌ವೆಲ್‌ಗಳಿಗೆ ಜೀವ ಬಂದದ್ದು ನಿಜ. ಮೂರನೇ ಹಂತದವರೆಗೂ ಶುದ್ಧ ಮಾಡಿಯೇ ಬಿಡಬೇಕು ಅನ್ನುವ ರೈತರ ಒತ್ತಾಯವೂ ನ್ಯಾಯವಾದದ್ದೇ, ನಮ್ಮ ಪತ್ರಿಕೆ ಅದನ್ನು ಬೆಂಬಲಿಸುತ್ತದೆ. ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆಯಾಯಿತು. ಯೋಜನೆಯ 24 ಟಿಎಂಸಿಯಲ್ಲಿ 14 ಟಿಎಂಸಿ ಕುಡಿಯುವ ನೀರಿಗೆ, ಉಳಿದದ್ದು ಕೆರೆ ತುಂಬಿಸಲು. ಅದು ಬರಲಿ, ಬೇಗ ಬರಲಿ. ಈ ಸೀಮೆಯ ಜನ ಅದಕ್ಕಾಗಿ ಬೀದಿಯಲ್ಲಿ ಕೂತಿದ್ದಾರೆ, ಟ್ರ್ಯಾಕ್ಟರ್ ಕಟ್ಟಿಕೊಂಡು ಬೆಂಗಳೂರಿಗೆ ಹೋಗಿದ್ದಾರೆ.

ಆದರೆ ಅಕ್ಕಾ, ಆ ನೀರು ಯಾವುದೂ ಇಳಿಜಾರು ಹತ್ತಿ ನಿಮ್ಮ ರಾಗಿ ಹೊಲಕ್ಕೆ ಬರಲ್ಲ. ಈ ಕೆರೆಗಳಿಂದ ನೇರವಾಗಿ ಪಂಪು ಹಾಕಿ ಎತ್ತುವುದಕ್ಕೂ ಅವಕಾಶ ಇಲ್ಲ. ನಿಮ್ಮ ಹೊಲದ ಮಣ್ಣು ಕೆರೆಗೆ ಇಳಿಯುತ್ತಾ ಹೋದರೆ, ದೂರದಿಂದ ತಂದ ನೀರಿಗೂ ಅಲ್ಲಿ ಜಾಗ ಸಾಲುವುದಿಲ್ಲ. ಈಗಾಗಲೇ ಇಳಿದಿರುವ ಗೋಡನ್ನು, ಅಂದರೆ ಕೆರೆಯ ಹೂಳು ಮಣ್ಣನ್ನು, ವಾಪಸ್ ತರಬಹುದು. ನಿಮ್ಮೂರ ಕೆರೆ ಬೇಸಿಗೆಯಲ್ಲಿ ಒಣಗುತ್ತೆ ಅಂದಿದ್ದೀರಿ. ಪಂಚಾಯ್ತಿಯ ಒಪ್ಪಿಗೆ ತಗೊಂಡು, ಒಂದು ಹಿಡಿ ಪರೀಕ್ಷೆ ಮಾಡಿಸಿ, ಎಕರೆಗೆ ಕೆಲವು ಲೋಡ್ ಹೊಡೆಸಿ ನೋಡಿ. ನಮ್ಮ ತೆಳು ಕೆಮ್ಮಣ್ಣಿಗೆ ಗೋಡು ಬೆರೆತರೆ ಹಸಿ ಜಾಸ್ತಿ ದಿನ ಹಿಡಿಯುತ್ತದೆ. ಮೊದಲು ಬದು, ಆಮೇಲೆ ಗೋಡು. ಬದು ಇಲ್ಲದೆ ಹೊಡೆಸಿದರೆ ಅದು ಮುಂದಿನ ಮಳೆಗೆ ಕೆರೆಗೇ ವಾಪಸ್ ಹೋಗುತ್ತದೆ.

ಮೂರನೇ ಬೋರ್‌ವೆಲ್ ಕೊರೆಸಲಾ ಅಂತ ಕೇಳಿದ್ದೀರಿ. ಬೇಡ. ನಿಮ್ಮ ಕಡೆ ಸಾವಿರ ಅಡಿ ದಾಟಿಯೂ ಬರೀ ದೂಳು ಬಂದ ಉದಾಹರಣೆ ನಿಮಗೇ ಗೊತ್ತು. ಸಿಕ್ಕರೂ ಆ ಆಳದ ನೀರಲ್ಲಿ ಫ್ಲೋರೈಡ್ ಇರುವ ಭಯ. ಕುಡಿಯುವ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲು, ಮೂಳೆ ಎರಡಕ್ಕೂ ಕೇಡು. ಇರುವ ಒಂದು ಗಂಟೆ ನೀರನ್ನು ಟೊಮ್ಯಾಟೊಗೆ ಹನಿ ನೀರಾವರಿಯಲ್ಲಿ ಕೊಡಿ, ಬುಡಕ್ಕೆ ಹುಲ್ಲು ಮುಚ್ಚಿ. ಹನಿ ನೀರಾವರಿಗೆ ತೋಟಗಾರಿಕೆ ಇಲಾಖೆಯಲ್ಲಿ ಸಹಾಯಧನ ಇದೆ. ಬೋರ್‌ವೆಲ್‌ಗೆ ಹಾಕಬೇಕು ಅಂತಿದ್ದ ಸಾಲವನ್ನು ಮಾಡದೆ ಉಳಿಸಿಕೊಳ್ಳಿ.

ಪತ್ರದ ಕೊನೆಯಲ್ಲಿ, ನಿಮ್ಮ ಅತ್ತೆ ನೆಟ್ಟ ಹೊಂಗೆ ಮರ ಹೊಸ ಬದುವಿನ ಗೆರೆಗೆ ಅಡ್ಡ ಬರುತ್ತೆ, ಕಡಿಸಬೇಕಾ ಅಂತ ಕೇಳಿದ್ದೀರಿ. ಕಡಿಸಬೇಡಿ. ಬದುವನ್ನು ಮರದ ಸುತ್ತ ಒಂದು ಮಾರು ಬಳಸಿ ತಗೊಂಡು ಹೋಗಲು ಹೇಳಿ, ಅಲ್ಲೇ ಕಲ್ಲಿನ ಕೋಡಿಯೂ ಕೂರುತ್ತದಾ ನೋಡಿ. ಹೊಂಗೆ ಸೊಪ್ಪು ಹೊಲಕ್ಕೇ ಗೊಬ್ಬರ.