ಕೇಳಿ, ಹೇಳುತ್ತೇವೆ: ಕಾಣೆಯಾದ 8 ಮಿ.ಲೀ. ನೀರು

ಪ್ರಶ್ನೆ: ಒಂಬತ್ತನೇ ತರಗತಿಗೆ ಆರ್ಕಿಮಿಡೀಸ್ ತತ್ವ (ನೀರಿನಲ್ಲಿ ವಸ್ತುವಿನ ತೂಕ ಎಷ್ಟು ಕಡಿಮೆಯಾಗುತ್ತದೋ, ಅದು ಸರಿಸುವ ನೀರಿನ ತೂಕವೂ ಅಷ್ಟೇ) ತೋರಿಸುವಾಗ ಲೆಕ್ಕ ತಪ್ಪುತ್ತಿದೆ. ಕಲ್ಲು ಗಾಳಿಯಲ್ಲಿ 270 ಗ್ರಾಂ, ನೀರಿನಲ್ಲಿ ಮುಳುಗಿಸಿದಾಗ 170 ಗ್ರಾಂ ತೂಗಿತು. ಬದಿಯಲ್ಲಿ ಕೊಳವೆಯಿರುವ, ತುಂಬಿದ ಪಾತ್ರೆಯಿಂದ 100 ಮಿ.ಲೀ. ನೀರು ಹೊರಚೆಲ್ಲಬೇಕಿತ್ತು, ಸಿಕ್ಕಿದ್ದು 92 ಮಾತ್ರ. ಮಕ್ಕಳಿಗೆ ‘ಹೆಚ್ಚುಕಡಿಮೆ ಸರಿ’ ಎನ್ನಲು ಮನಸ್ಸು ಬರುವುದಿಲ್ಲ.
– ವಿಜ್ಞಾನ ಶಿಕ್ಷಕಿ, ಹಾವೇರಿ

ಉತ್ತರ: ಹಾಗೆ ಹೇಳದಿರುವುದೇ ಒಳ್ಳೆಯದು, ಮೇಡಂ. ಆ 8 ಮಿ.ಲೀ. ಎಲ್ಲಿ ಹೋಯಿತೆಂದು ಮಕ್ಕಳನ್ನೇ ಹುಡುಕಲು ಬಿಡಿ. ಬಹುಪಾಲು ಅದು ಪಾತ್ರೆಯಲ್ಲೇ ಉಳಿದಿರುತ್ತದೆ. ಕೊಳವೆಯ ಬಾಯಲ್ಲಿ ನೀರು ಮೇಲ್ಮೈ ಎಳೆತದಿಂದ ಉಬ್ಬಿಕೊಂಡು ನಿಲ್ಲುತ್ತದೆ, ಸುಲಭಕ್ಕೆ ಹರಿಯುವುದಿಲ್ಲ. ಪಾತ್ರೆ 9 ಸೆಂ.ಮೀ. ಅಗಲವಿದ್ದರೆ ಮಟ್ಟ ಒಂದೇ ಒಂದು ಮಿ.ಮೀ. ಮೇಲೆ ನಿಂತರೂ 6 ಮಿ.ಲೀ.ಗಿಂತ ಹೆಚ್ಚು ನೀರು ಒಳಗೇ ಉಳಿಯಿತು.

ಆದ್ದರಿಂದ ಪಾತ್ರೆ ಕಿರಿದಾಗಿರಲಿ. ಸುಮಾರು 7 ಸೆಂ.ಮೀ. ಅಗಲದ ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ಅಂಚಿನಿಂದ ಎರಡು ಬೆರಳು ಕೆಳಗೆ ತೂತು ಮಾಡಿ, ಖಾಲಿ ಪೆನ್ನಿನ ಕೊಳವೆ ತೂರಿಸಿ ಎಂ-ಸೀಲ್ ಹಚ್ಚಿ. ಕೊಳವೆಯ ಹೊರತುದಿ ತುಸು ಕೆಳಮುಖವಾಗಿರಬೇಕು. ಒಳಗೆ ಒಂದು ತೊಟ್ಟು ಸೋಪಿನ ನೀರು ಸವರಿದರೆ ನೀರು ತಡೆದು ನಿಲ್ಲುವುದು ಬಹಳ ಕಡಿಮೆಯಾಗುತ್ತದೆ. ನೀರನ್ನು ತುಂಬಿ ಚೆಲ್ಲಲು ಬಿಟ್ಟು, ಕೊನೆಯ ಹನಿ ಬೀಳುವವರೆಗೆ ಕಾದು, ಆಮೇಲಷ್ಟೇ ಅಳತೆಯ ಜಾಡಿ ಇಡಿ. ಅವಸರ ಮಾಡುವುದು ಇಲ್ಲೇ. ಕಲ್ಲನ್ನು ತೆಳು ದಾರದಲ್ಲಿ ನಿಧಾನವಾಗಿ ಇಳಿಸಿ. ಅದು ತಳ ಮುಟ್ಟಿದರೆ ತಕ್ಕಡಿಯ ಓದು ಕೆಡುತ್ತದೆ. ಮುರಕಲ್ಲು, ಇಟ್ಟಿಗೆ ಚೂರು ಬೇಡ, ಅವು ನೀರು ಕುಡಿಯುತ್ತವೆ. ಹೊಳೆಯ ನುಣುಪು ಕಲ್ಲೇ ಸರಿ.

ನೀರು ಚೆಲ್ಲದೆಯೂ ಇದನ್ನು ತೋರಿಸಬಹುದು, ನಮಗೆ ಹೆಚ್ಚು ಇಷ್ಟವಾದದ್ದು ಈ ವಿಧಾನವೇ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಪಾತ್ರೆಯಿಟ್ಟು ಓದನ್ನು ಸೊನ್ನೆ ಮಾಡಿ. ದಾರ ಕಟ್ಟಿದ ಕಲ್ಲನ್ನು ಕೈಯಲ್ಲೇ ಹಿಡಿದು, ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ. ತಕ್ಕಡಿ 100 ತೋರಿಸುತ್ತದೆ. ನೀರು ಕಲ್ಲನ್ನು ಎಷ್ಟು ಮೇಲಕ್ಕೆ ಒತ್ತುತ್ತದೋ ಕಲ್ಲು ನೀರನ್ನು ಅಷ್ಟೇ ಕೆಳಕ್ಕೆ ಒತ್ತುತ್ತದೆ. ದಾರ ಸಡಿಲಿಸಿ ಕಲ್ಲನ್ನು ತಳದಲ್ಲಿ ಕೂರಿಸಿದೊಡನೆ ಓದು 270ಕ್ಕೆ ಜಿಗಿಯುತ್ತದೆ. ಆ ಜಿಗಿತ ಏಕೆಂದು ಮಕ್ಕಳು ವಿವರಿಸಲಿ.

ಪ್ರಶ್ನೆ: ಕೆರೆಯ ನಡುವೆ ಹರಿಗೋಲಿನಲ್ಲಿ ಕುಳಿತವನು ಒಳಗಿದ್ದ ಕಲ್ಲನ್ನು ನೀರಿಗೆ ಹಾಕಿದರೆ ಕೆರೆಯ ಮಟ್ಟ ಏರುತ್ತದೋ, ಇಳಿಯುತ್ತದೋ?
– ಹತ್ತನೇ ತರಗತಿ ವಿದ್ಯಾರ್ಥಿ, ಗಂಗಾವತಿ

ಉತ್ತರ: ಇಳಿಯುತ್ತದೆ. ತೇಲುವಾಗ ಪಕ್ಕಕ್ಕೆ ಸರಿಯುವ ನೀರು ತೂಕದ ಲೆಕ್ಕದ್ದು, ಮುಳುಗಿದಾಗ ಗಾತ್ರದ ಲೆಕ್ಕದ್ದು. ಈ ವ್ಯತ್ಯಾಸ ತಲೆಗೆ ಹೋದರೆ ಪಾಠದ ಅರ್ಧ ಗೊಂದಲ ಕಳೆಯುತ್ತದೆ, ತಮ್ಮಾ. ಮೇಲಿನ ಕಲ್ಲನ್ನೇ ತಗೋ. ಹರಿಗೋಲಿನೊಳಗಿದ್ದಾಗ ಅದು 270 ಮಿ.ಲೀ. ನೀರು ಸರಿಸಿರುತ್ತದೆ, ತಳ ಸೇರಿದ ಮೇಲೆ 100 ಮಿ.ಲೀ. ಮಾತ್ರ. ಕೆರೆಯಲ್ಲಿ ಇದು ಕಣ್ಣಿಗೆ ಕಾಣದು. 15 ಸೆಂ.ಮೀ. ಅಗಲದ, ನೇರ ಬದಿಯ ಪಾರದರ್ಶಕ ಡಬ್ಬದಲ್ಲಿ ಅರ್ಧಕ್ಕೆ ನೀರು ಹಾಕಿ, 500 ಮಿ.ಲೀ. ಹಿಡಿಸುವ ಸ್ಟೀಲ್ ಬಟ್ಟಲು ತೇಲಿಬಿಡು. ಕಲ್ಲನ್ನು ಬಟ್ಟಲಿನ ನಟ್ಟನಡುವೆ ಇಡು, ವಾಲಿದರೆ ನೀರು ಒಳನುಗ್ಗುತ್ತದೆ. ಮಟ್ಟಕ್ಕೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು, ಕಲ್ಲನ್ನು ನೀರಿಗಿಳಿಸು. ನೀರು ಗೆರೆಯಿಂದ ಸುಮಾರು ಒಂದು ಸೆಂ.ಮೀ. ಕೆಳಗಿಳಿಯುತ್ತದೆ.

ಪ್ರಶ್ನೆ: ನೀರಿಗೆ ಎರಡು ಚಮಚ ಉಪ್ಪು ಹಾಕಿದರೂ ಮೊಟ್ಟೆ ತೇಲಲಿಲ್ಲ.
– ಶಿಕ್ಷಕ, ಚಿಂತಾಮಣಿ

ಉತ್ತರ: ಉಪ್ಪು ಸಾಲದು. ತಾಜಾ ಮೊಟ್ಟೆಯ ಸಾಂದ್ರತೆ ಪ್ರತಿ ಮಿ.ಲೀ.ಗೆ ಸುಮಾರು 1.08 ಗ್ರಾಂ, ಉಪ್ಪುನೀರಿನ ಸಾಂದ್ರತೆ ಅದನ್ನು ಮೀರಿದರಷ್ಟೇ ಮೊಟ್ಟೆ ತೇಲುತ್ತದೆ. 200 ಮಿ.ಲೀ. ನೀರಿಗೆ 25ರಿಂದ 30 ಗ್ರಾಂ, ಅಂದರೆ ಚಹಾ ಚಮಚದಲ್ಲಿ ಮಟ್ಟಸವಾಗಿ ನಾಲ್ಕೈದು ಬೇಕು. ಕಲ್ಲುಪ್ಪು ತಳದಲ್ಲೇ ಕುಳಿತುಬಿಡುತ್ತದೆ, ಪೂರ್ತಿ ಕರಗುವವರೆಗೆ ಕಲಕಿ. ಮೊಟ್ಟೆ ಹಳತಾದಷ್ಟೂ ಒಳಗಿನ ಗಾಳಿಚೀಲ ದೊಡ್ಡದಾಗುವುದರಿಂದ ಕಡಿಮೆ ಉಪ್ಪಿಗೇ ತೇಲುತ್ತದೆ, ಹಾಗಾಗಿ ಎಲ್ಲ ಗುಂಪಿಗೂ ಒಂದೇ ದಿನ ತಂದ ಮೊಟ್ಟೆ ಕೊಡಿ.

ಪ್ರಶ್ನೆ: ಎಣ್ಣೆ ನೀರಿಗಿಂತ ಮಂದ, ಆದರೂ ಏಕೆ ತೇಲುತ್ತದೆ?
– ಓದುಗರು, ಸಾಗರ

ಉತ್ತರ: ಮಂದ ಎನ್ನುವುದು ಹರಿಯುವ ಗುಣ, ಸಾಂದ್ರತೆಯಲ್ಲ. ಎರಡೂ ಬೇರೆ ಎಂಬುದನ್ನು ತೂಗಿಯೇ ತೋರಿಸಬೇಕು. ನೀರು, ಕಡಲೆಕಾಯಿ ಎಣ್ಣೆ, ಜೇನುತುಪ್ಪ ಮೂರನ್ನೂ 100 ಮಿ.ಲೀ. ಅಳೆದು ತೂಗಿ. ನೀರು 100 ಗ್ರಾಂ, ಎಣ್ಣೆ ಸುಮಾರು 91, ಜೇನು ಸುಮಾರು 140. ಮಂದವಾದ ಎರಡರಲ್ಲಿ ಒಂದು ತೇಲುತ್ತದೆ, ಇನ್ನೊಂದು ಮುಳುಗುತ್ತದೆ. ಜೇನನ್ನು ಕೊನೆಗೆ ಅಳೆಯಿರಿ, ಜಾಡಿ ತೊಳೆಯಲು ಬಿಸಿನೀರು ಬೇಕಾಗುತ್ತದೆ.